ಟ್ಯಾಂಕಿನ್ಯಾಗ ನಮ್ಮ ಮಾವಾರು ಎಲ್ಲಿ ಕುಂತಿದ್ರು?

ನಿಮ್ಮ ಮನ್ಯಾಗ ಎಂದರ ಹಿಂಗ ಆಗೇದೇನ್ರಿ? ಮನ್ಯಾಗಿನ ಹಿರಿಯರೊಬ್ರು ತಮ್ಮ ಹೆಂಡ್ತಿಗೆ ಒಂದೇ ಒಂದು ಮಾತು ತಿಳಿಸ್ಬೇಕು ಅಂತ ಹೊಂಟಿರ್ತಾರ. ನಾವು ಮನಿಮಂದಿಯೆಲ್ಲ ಸಹಾಯ ಮಾಡ್ತೀವಿ ಅಂತ ನಡಕ ಬಿದ್ದು, ಅದನ್ನ ಕಲಸಿ ಮುದ್ದಿ ಮಾಡಿ ಇಟ್ಟಿರ್ತೀವಿ. ಆಗೇದಾ? ನಮ್ಮ ಮನ್ಯಾಗ ಆಗೇದ. ಇವತ್ತಿಗೂ ನನಗ ಅದರ ತಲಿ ಯಾವುದು, ಬಾಲ ಯಾವುದು ತಿಳಿದಿಲ್ಲ. ಅದಕ್ಕ ಬರ್ಯಾಕತ್ತೇನಿ.

ನಮ್ಮ ಮಾವಾರು ಮಿಲಿಟ್ರ್ಯಾಗ ಟ್ಯಾಂಕಿನ ಡ್ರೈವರ್ ಇದ್ರು. ರಷ್ಯಾದ ಟ್ಯಾಂಕು. ರಿಟೈರ್ ಆಗಿ ದೇವಾಪುರಕ್ಕ ಬಂದ ಮ್ಯಾಲ ಕೆನಾಲ ಬಾಜೂಕಿನ ಹೊಲದಾಗ ಭತ್ತ ಹಚ್ಚಕೊಂಡು ಸುಮ್ಮ ಇದ್ದಾರ. ಸುಮ್ಮ ಅಂದ್ರ ಖರೇನ ಸುಮ್ಮ. ಊಟಕ್ಕ ಕರದ್ರ "ಹೂಂ", ಸಾಕೇನ್ರಿ ಅಂದ್ರ "ಹೂಂ". ಅತ್ತಿ ಮಾತ್ರ ಹಂಗಲ್ಲ. ಅಕಿ ಮಾತಾಡಾಕ ನಿಂತ್ರ ಬಸ್ಸು ಬಂದು ಹೋದ್ರೂ ಖಬರ್ ಇರಂಗಿಲ್ಲ.

ಅತ್ತಿ ಹೇಳೋ ಕತಿ ಒಂದದ. ನಾ ಈ ಮನಿಗೆ ಸೊಸಿ ಆಗಿ ಬರೋದಕ್ಕಿಂತ ಎಷ್ಟೋ ಮೊದಲಿಂದು. ಕೆನಾಲಿಗೆ ನೀರು ಬಿಟ್ಟ ಹೊಸದಾಗ ಭತ್ತ ಬೆಳದವರೊಬ್ರ ಮನಿಗೆ ಟಿವಿ ಬಂದಿತ್ತು, ಕಪ್ಪು ಬಿಳುಪಿಂದು. ಅವಾಗ ಮಾವಾರು ದಿಲ್ಲ್ಯಾಗ ಜನವರಿ ಇಪ್ಪತ್ತಾರರ ಪರೇಡಿನ್ಯಾಗ ಟ್ಯಾಂಕ್ ಹೊಡಿಯೋರಿದ್ರು. ಊರಿಗೆ ಊರ ಆ ಟಿವಿ ಮುಂದ ಕುಂತದ. ಟ್ಯಾಂಕ್ ಬಂತು. ಮ್ಯಾಲ ಗುಮ್ಮಟದಾಗ ಒಬ್ಬಾಂವ ಎದಿ ಉಬ್ಬಿಸಿ ಸಲ್ಯೂಟ್ ಹೊಡದು ನಿಂತಾನ. ಕೆಳಗ, ತೋಪಿನ ನಳಿಗಿ ಬುಡಕ್ಕ, ಒಂದು ಸಣ್ಣ ಕಿಂಡ್ಯಾಗ ಡ್ರೈವರಂದು ಬರೇ ತಲಿ ಕಾಣತದ. ನಮ್ಮತ್ತಿ ಎದ್ದು ನಿಂತು "ಅಗಾ, ಮ್ಯಾಲ ನಿಂತಾರಲ್ಲ, ಅವರ ನಮ್ಮವರು" ಅಂದ್ಳಂತ. ಅಷ್ಟಕ್ಕ ಬಿಡಲಿಲ್ಲ. ತಾಟಿನ್ಯಾಗ ದೀಪ ಹಚ್ಚಿ ತಂದಿದ್ಳು, ಟಿವಿಗೆ ಆರತಿ ಬೆಳಗ್ಯಾಳ.

ಮಾವಾರು ರಜಾಕ್ಕ ಬಂದಾಗ ಊರವರೆಲ್ಲ "ಏನ ನಿಂತಿದ್ರಿ ಮಾರಾಯ್ರ ಗುಮ್ಮಟದ ಮ್ಯಾಲ!" ಅಂದ್ರ, ಅವರು "ಹೂಂ" ಅಂದಾರ. ಮುಗೀತು. ಈಗಲೂ ಪ್ರತಿ ಜನವರಿ ಇಪ್ಪತ್ತಾರಕ್ಕ ಅತ್ತಿ ಟಿವಿ ಹಚ್ಚಿ, "ನಿಮ್ಮಾವ ಹಿಂಗ ನಿಂತಿದ್ರು ನೋಡು" ಅಂತಾಳ. ಮಾವಾರು ಬಾಜೂಕ ಕುಂತು ಚಾ ಕುಡೀತಿರ್ತಾರ.

ಒಂದು ವರ್ಷ ಹಂಗ ಅತ್ತಿ ಅಂದು ಒಳಗ ಹೋದ್ಳು. ಮಾವಾರು ಚಾದ ಬಸಿ ಕೆಳಗಿಟ್ಟು ನನಗಂದ್ರು, "ಯವ್ವಾ, ಅಂವ ನಾ ಅಲ್ಲವ್ವ. ನಾ ಕೆಳಗಿನ ಕಿಂಡ್ಯಾಗ ಇದ್ದೆ. ಅಕಿಗೆ ಒಮ್ಮೆ ತೋರಿಸ್ಬೇಕು."

"ಹೇಳ್ರಲ್ಲ ಮತ್ತ."

"ಹೇಳಿದ್ರ ತಿಳಿಯಂಗಿಲ್ಲ. ಮುಂದಿಟ್ಟು ತೋರಿಸ್ಬೇಕು."

ನಾ ಇದನ್ನ ನಮ್ಮ ಮನಿಯವರಿಗೆ ಹೇಳಿದೆ. ಅವರು ಯಾದಗಿರ್‌ದಾಗ ಗೊಬ್ಬರದಂಗಡ್ಯಾಗ ಕೆಲಸ ಮಾಡ್ತಾರ, ಮಾಲಿಗಂತ ಹೈದರಾಬಾದಿಗೆ ಹೋಗಿದ್ರು. ಬರಬೇಕಾದ್ರ ಒಂದು ಡಬ್ಬಿ ತಂದ್ರು. ಡಬ್ಬಿ ಮ್ಯಾಲ ಟ್ಯಾಂಕಿನ ಚಿತ್ರ, ಹಿಂದ ಹೊಗಿ, ಬೆಂಕಿ. ಮಾವಾರು ಚಿತ್ರ ನೋಡಿ ಬೆರಳಿಟ್ಟು "ಇದ. ಇದ ಗಾಡಿ" ಅಂದ್ರು. ಅವರ ದನಿ ಅಷ್ಟು ಜೋರಾಗಿದ್ದು ನಾ ಕೇಳಿದ್ದೇ ಇಲ್ಲ.

ತೆಗದು ನೋಡಿದ್ರ ಟ್ಯಾಂಕೇ ಇಲ್ಲ! ಹಸರು ಪ್ಲಾಸ್ಟಿಕ್ಕಿನ ಜಾಳಿಗಿ ಅವ, ಜಾಳಿಗಿ ತುಂಬ ಸಣ್ಣ ಸಣ್ಣ ಚೂರು ಅಂಟಕೊಂಡಾವ.

"ದಾರ್ಯಾಗ ಮುರದದ, ವಾಪಸ್ ಕೊಟ್ ಬಾ" ಅಂದ್ಳು ಅತ್ತಿ.

"ಮುರದಿಲ್ಲವ, ನಾವ ಜೋಡಿಸ್ಬೇಕಂತ" ಅಂದ್ರು ಮನಿಯವರು.

"ರೊಕ್ಕ ಕೊಟ್ಟು ತಂದು ನಾವ ಜೋಡಿಸ್ಬೇಕಾ? ಅಂಗಡಿಯಾಂವ ಏನ ಮಾಡ್ತಾನ, ಮಲಗ್ತಾನಾ?"

ಡಬ್ಬ್ಯಾಗ ಒಂದು ಕಾಗದ ಇತ್ತು. ಅಕ್ಷರ ಎಲ್ಲ ರಷ್ಯಾದ್ದು, ಕೆಲವು ಇಂಗ್ಲಿಷಿನಂಗ ಕಾಣ್ತಾವ ಖರೆ, ಬೆನ್ನು ತಿರಿಗಿಸಿ ನಿಂತಾವ. ಆದ್ರ ಚಿತ್ರ ಇದ್ವು, ಚಿತ್ರದಾಗ ನಂಬರ್ ಇದ್ವು. ಮಾವಾರು ಚಾಳೀಸು ಹಾಕ್ಕೊಂಡು ನೋಡಿ ಗುಟ್ಟು ಹಿಡದ್ರು. ಜಾಳಿಗಿ ಕಡ್ಡಿ ಮ್ಯಾಲ ಪ್ರತಿ ಚೂರಿನ ಬಾಜೂಕ ಅದರ ನಂಬರ್ ಅದ. ಕಾಗದದಾಗಿನ ನಂಬರ್ ನೋಡೋದು, ಆ ಚೂರು ಕತ್ತರಸೋದು, ಅಂಟಸೋದು. ಸರಳ. ಕೆನಾಲ ಬಂದ್ ಇತ್ತು, ಹೊಲದಾಗ ಕೆಲಸ ಇರಲಿಲ್ಲ. ಮರುದಿನ ಮಾವಾರು ಗೋಂದು ತರಾಕ ಹೋದ್ರು. ಸುರಪುರದಾಗ ಅಂಥಾದ್ದು ಸಿಗಲಿಲ್ಲ ಅಂತ ಶಹಾಪುರ ತನಕ ಹೋಗ್ಯಾರ. ನಾ ಸುರಪುರದಾಗ ನನ್ನ ಹೊಲಿಗಿ ಅಂಗಡ್ಯಾಗ ಇದ್ದೆ.

ಇಬ್ಬರೂ ಒಂದೇ ಬಸ್ಸಿಗೆ ಹೊಳ್ಳಿ ಬಂದಿವಿ. ನೋಡಿದ್ರ ಅತ್ತಿ ಮತ್ತ ಬಾಜೂ ಮನಿ ಅಕ್ಕ ಕಟ್ಟಿ ಮ್ಯಾಲ ಕಾಳು ಕೇರೋ ಮರ ಇಟಗೊಂಡು ಕುಂತಾರ. ಮರದಾಗ ಹಸರು ಚೂರು ರಾಶಿ. ತೊಗರಿಕಾಯಿ ಬಿಡಿಸಿದಂಗ ಬಿಡಿಸ್ಯಾರ್ರಿ, ಎಲ್ಲಾನೂ! ಬಿಡಿಸಿದ್ದಲ್ಲದ ಜರಡಿ ಹಿಡದು ಸಣ್ಣೂ ಬ್ಯಾರೆ, ದಪ್ಪೂ ಬ್ಯಾರೆ ಮಾಡ್ಯಾರ.

"ಬರ್ರಿ ಬರ್ರಿ," ಅಂದ್ಳು ಅತ್ತಿ, "ಕಸ ಎಲ್ಲ ತಗದು ಹಸನ ಮಾಡಿಟ್ಟೀವಿ. ಇನ್ನ ನೀವು ಜೋಡಿಸೋದೊಂದ ಬಾಕಿ."

ಮಾವಾರು ಮೆತ್ತಗ ಕೇಳಿದ್ರು, "ಕಡ್ಡಿ ಎಲ್ಲಿ?"

"ಯಾವ ಕಡ್ಡಿ?"

"ಜಾಳಿಗಿ ಕಡ್ಡಿ. ನಂಬರ್ ಇದ್ದದ್ದು."

"ಅದಾ? ಬಚ್ಚಲ ಒಲಿಗೆ ಹಾಕೀನಿ. ಏನ ಛಲೋ ಉರೀತಂತೀರಿ, ಕಟಗಿ ಹಸಿ ಇದ್ರೂ ನೀರು ಭುಗುಭುಗು ಕಾದ್ವು. ಇಬ್ಬರೂ ಜಳಕ ಮಾಡ್ರಿ."

ಮಾವಾರು ಗೋಂದಿನ ಡಬ್ಬಿ ಗೂಡಿನ್ಯಾಗ ಇಟ್ರು. ಹೋಗಿ ಆ ನೀರಿಲೇ ಜಳಕ ಮಾಡಿ ಬಂದ್ರು.

ಮುಂದಿಂದು ಏನ ಹೇಳ್ಲಿ. ಗಾಲಿ ಯಾವುವು ಅಂತ ಗೊತ್ತಾಯ್ತು, ಗುಂಡಗ ಇದ್ವು. ಗಾಲಿ ಮ್ಯಾಲ ಹಾಕೋ ರಬ್ಬರಿನ ಪಟ್ಟಾ ಗೊತ್ತಾಯ್ತು. ನಳಿಗಿ ಗೊತ್ತಾಯ್ತು. ಉಳದದ್ದು? ಕೊಕ್ಕಿ, ಕಡಬು, ಜಿಲೇಬಿ, ಹಲ್ಲು, ಇದ್ದ ಆಕಾರ ಎಲ್ಲ ಇದ್ವು. ಕಾಗದದ ಚಿತ್ರದಾಗ ಅವು ಇರುವಿಯಷ್ಟ ಇದ್ವು, ನಂಬರ್ ಇಲ್ಲದ ಯಾವುದು ಯಾವುದಂತ ಗುರ್ತು ಹತ್ತಲಿಲ್ಲ. ಬ್ಲೌಸಿನ ಹುಕ್ಕು ಹಚ್ಚೋ ಕೈ ನಂದು, ಸಣ್ಣ ಕೆಲಸಕ್ಕ ಅಂಜೋದಿಲ್ಲ, ಅದಕ್ಕ ನಾ ಅಂಟಸೋಕಿ, ಮಾವಾರು ಹೇಳೋರು ಅಂತ ಆಯ್ತು. ನಾ ಒಂದು ಚೂರು ಎತ್ತಿ ಕೇಳೋದು, "ಇದು ಎಲ್ಲಿದ್ರಿ ಮಾವಾರ?" ಅವರು ತಿರಿವಿ ಮುರಿವಿ ನೋಡೋದು. "ಗೊತ್ತಿಲ್ಲವ್ವ."

"ವರ್ಷಗಟ್ಲೆ ಓಡಿಸೀರಿ, ಗೊತ್ತಿಲ್ಲಂದ್ರ ಹ್ಯಾಂಗ್ರಿ?"

"ನಾ ಒಳಗ ಕುಂತಿದ್ನೆವ್ವ. ಒಳಗ ಕುಂತಾಂವಗ ಹೊರಗ ಏನ ಹಚ್ಯಾರಂತ ಏನ ಗೊತ್ತು?"

ಅದೂ ಖರೇನ. ಒಳಗಿಂದು ಕೇಳ್ರಿ, ಕಣ್ಣು ಮುಚ್ಚಿ ಹೇಳ್ತಾರ. ಎಡಗೈಗೆ ಒಂದು ಲಿವರ್, ಬಲಗೈಗೆ ಒಂದು ಲಿವರ್, ಗೇರ್ ಇಲ್ಲಿ, ಬ್ರೇಕ್ ಅಲ್ಲಿ. ಆದ್ರ ನಮ್ಮ ಟ್ಯಾಂಕಿಗೆ ಒಳಗ ಅನ್ನೋದೇ ಇಲ್ಲ! ಕೆಳಗಿನ ತೊಟ್ಟಿ, ಮ್ಯಾಲಿನ ಮುಚ್ಚಳ, ನಡಕ ಖಾಲಿ. ಮಾವಾರು ಮರದಾಗಿನ ಚೂರೆಲ್ಲ ಕೈಯಾಡಿಸಿ ಹುಡಿಕ್ಯಾರ. ಸೀಟಿಲ್ಲ. ಲಿವರ್ ಇಲ್ಲ. ಡ್ರೈವರ್ ಕಿಂಡಿನೂ ಇಲ್ಲ, ಅದರ ಮುಚ್ಚಳದ ಗೀಟು ಅಷ್ಟ ಕೊರದು ಬಿಟ್ಟಾರ. ಕಡಿಗಿ ದಪ್ಪ ಚೂರಿನ್ಯಾಗ ಒಬ್ಬ ಮನಷ್ಯಾ ಸಿಕ್ಕ. ಸೊಂಟದ ಮ್ಯಾಲ ಅಷ್ಟ ಇದ್ದ. ಕೈ ಎತ್ತಿ ನಿಂತಾಂವ. ಗುಮ್ಮಟಕ್ಕ ಹಚ್ಚಿ ನೋಡಿದೆ, ಬರಾಬರ್ ಕುಂತ.

ಮಾವಾರು ಅವನ್ನ ಅಂಗೈ ಮ್ಯಾಲ ಇಟಗೊಂಡು ಎಷ್ಟೊತ್ತು ನೋಡಿದ್ರು. "ಇದರಾಗೂ ಇಂವನ ಇದ್ದಾನಲ್ಲವ್ವ" ಅಂದ್ರು.

ನನಗ ಕೆಡಕೆನಿಸ್ತು. ಇನ್ನ ಬಿಟ್ಟಬಿಡ್ತಾರ ಅಂತ ಮಾಡಿದ್ದೆ. ಅವರು ಎದ್ದು ಹೋಗಿ ಚೀಲ ಹೊಲಿಯೋ ದಬ್ಬಣ ತಂದ್ರು, ಒಲ್ಯಾಗ ಕಾಸಿದ್ರು, ಮುಂದಿನ ಗೀಟಿನ ಜಾಗಾಕ್ಕ ಚುರ್ ಅಂತ ತೂತು ಕೊರದ್ರು. ಆಮ್ಯಾಲ ನನ್ನ ದಾರ ಕತ್ತರಸೋ ಸಣ್ಣ ಕತ್ರಿ ತಗೊಂಡು, ಆ ಸಲ್ಯೂಟಿನವನ ಕುತಿಗಿ ಕತ್ತರಿಸಿ, ತಲಿ ತಂದು ಕೆಳಗಿನ ತೂತಿಗೆ ಅಂಟಿಸಿದ್ರು! ಉಳದ ಎದಿ, ಎರಡು ಕೈ, ನನಗ ಕೊಟ್ಟು "ಒಗಿ" ಅಂದ್ರು. ಎಲ್ಲಿ ಹೋಗಬೇಕು ಅಂತ ತಿಳೀದ ಮುಕ್ಕಾಲು ವಾಟಗ ಚೂರು ಹಂಗ ಉಳದ್ವು. ಟ್ಯಾಂಕು ಒಂದು ಬದಿಗೆ ವಾಲಿತ್ತು. ಆದ್ರ ಡ್ರೈವರ್ ಇದ್ದ.

ಮಧ್ಯಾಹ್ನ ಊಟ ಆದ ಮ್ಯಾಲ ಅದನ್ನ ಕಟ್ಟಿ ಮ್ಯಾಲ ಇಟ್ಟು ಅತ್ತೀನ ಕರದ್ರು. "ಏ, ಇಲ್ಲಿ ಬಾ. ನೋಡು. ಪರೇಡಿನ್ಯಾಗ ನಾ ಮ್ಯಾಲ ಇದ್ದಿಲ್ಲ. ಇಲ್ಲಿ ಇದ್ದೆ."

ನಾ ಬಾಗಲ ಹಿಂದ ಸರದು ನಿಂತೆ. ಅವತ್ತ ಬ್ಯಾರೆ ಗಂಡಸಿಗೆ ಆರತಿ ಬೆಳಗೀನಿ ಅಂತ ಗೊತ್ತಾದ್ರ ಅತ್ತಿ ಊರು ಎತ್ತತಾಳ ಅಂತ.

ಅತ್ತಿ ಬಗ್ಗಿ ನೋಡಿದ್ಳು. ಕುಂತು ನೋಡಿದ್ಳು. ಆಮ್ಯಾಲ ಕೇಳಿದ್ಳು, "ಇಷ್ಟ ಜಾಗಾದಾಗ ಕಾಲು ಎಲ್ಲಿ ಚಾಚ್ತಿದ್ರಿ?"

ಮಾವಾರು ಕೆಳಗ ನೆಲದ ಮ್ಯಾಲ ಕುಂತು, ಗ್ವಾಡಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಎರಡೂ ಕೈ ಮುಂದ ಹಿಡದು "ಹಿಂಗ" ಅಂದ್ರು.

"ಮಳಿ ಬಂದ್ರ?"

"ಮುಚ್ಚಳ ಹಾಕ್ಕೋತಿದ್ದೆ. ಕನ್ನಡಿ ಕಿಂಡ್ಯಾಗ ನೋಡ್ಕೊಂತ ಹೊಡೀತಿದ್ದೆ."

"ಈ ನಳಿಗಿ ತಲಿ ಮ್ಯಾಲ ಬಂದು ನಿಂತ್ರ?"

"ಹೊರಗ ಬರಾಕ ಆಗ್ತಿರಲಿಲ್ಲ. ಅವರು ತಿರಿಗಿಸೋ ತನಕ ಒಳಗ."

"ನೀರಡಿಕ್ಯಾದ್ರ?"

ಮಾವಾರು ಅವತ್ತು ಮಾತಾಡಿದಷ್ಟು ನಾ ಮದಿವ್ಯಾಗಿ ಬಂದಾಗಿಂದ ಮಾತಾಡಿರಲಿಲ್ಲ. ಮರಳಗಾಡಿನ ಧೂಳು, ಬ್ಯಾಸಗ್ಯಾಗ ಮುಟ್ಟಿದ್ರ ಸುಡೋ ಕಬ್ಬಣ, ಎಲ್ಲ ಹೇಳಿದ್ರು. ಅತ್ತಿ ಗಲ್ಲಕ್ಕ ಕೈ ಕೊಟ್ಟು ಕೇಳಿದ್ಳು. ಆಯ್ತು ಬಿಡು, ಅಕಿಗೆ ತಿಳೀತು ಅಂತ ನನಗೂ ಸಮಾಧಾನ.

ಅಷ್ಟರಾಗ ಬಾಜೂ ಮನಿ ಅಕ್ಕ ಬಂದ್ಳು. "ಅಯ್ಯ, ಆತಲ್ಲ ಟ್ಯಾಂಕು! ಕಾಕಾ, ನೀವು ಎಲ್ಲಿ ನಿಂತಿದ್ರಿ?"

ಮಾವಾರು ಬಾಯಿ ತೆಗೆಯೋದರಾಗ ಅತ್ತಿ ಗುಮ್ಮಟಕ್ಕ ಬೆರಳು ಇಟ್ಳು. "ಅಗಾ, ಮ್ಯಾಲ."

 ಈಗಷ್ಟ ತೋರಿಸ್ಯಾರ!

ಅಕ್ಕ ಬಗ್ಗಿ ನೋಡಿ, "ಮ್ಯಾಲ ಯಾರೂ ಇಲ್ಲಲ್ಲ?" ಅಂದ್ಳು.

"ಎಲ್ಲಿ ಇರ್ತಾರ? ರಿಟೈರ್ ಆಗಿ ಇಳದು ಬಂದಾರ. ನೆಲದ ಮ್ಯಾಲ ಕುಂತಾರ, ಕಾಣವಲ್ರೇನು?"

ಮಾವಾರು ಅತ್ತಿ ಮಾರಿ ನೋಡಿದ್ರು. ಆಮ್ಯಾಲ ಅಕ್ಕನ ಕಡಿ ತಿರಿಗಿ "ಹೂಂ" ಅಂದ್ರು.

ಸಂಜಿಮುಂದ ರೊಟ್ಟಿ ಬಡಿಯೋವಾಗ ನಾ ಕೇಳೇಬಿಟ್ಟೆ. "ಅತ್ತಿ, ಮಾವಾರು ಅಷ್ಟು ಕಷ್ಟಪಟ್ಟು ತೋರಿಸಿದ್ರು, ನಿಮಗ ತಿಳೀಲಿಲ್ಲೇನ್ರಿ?"

ಅತ್ತಿ ರೊಟ್ಟಿ ತಿರಿವಿ ಹಾಕಿ ಅಂದ್ಳು, "ಆ ಟಿವ್ಯಾಗಿನವಗ ಇಷ್ಟಿಷ್ಟು ದೊಡ್ಡ ಮೀಸಿ ಇದ್ವು. ನಿಮ್ಮಾವ ಎಂದರ ಮೀಸಿ ಬಿಟ್ಟಾರೇನು?"

"ಅಂದ್ರ… ನಿಮಗ ಅವತ್ತ ಗೊತ್ತಿತ್ತಾ?"

"ಗಂಡನ ಗುರುತು ಸಿಗಲಾರದಷ್ಟು ಕುರುಡಿ ಏನು ನಾ? ಊರ ಮಂದಿ ಕುಂತದ. ಕೆಳಗ ಒಂದು ಕರಿ ಚುಕ್ಕಿ ತೋರಿಸಿ ಇವರ ನನ್ನ ಗಂಡ ಅನ್ಲ್ಯಾ? ಕಾಣೋ ಜಾಗಾ ತೋರಿಸ್ದೆ. ಆರತಿ ಇಡೀ ಗಾಡಿಗೆ ಬೆಳಗಿದ್ನಿ, ಒಳಗಿನವರಿಗೂ ಮುಟ್ಟತದ."

"ಮಾವಾರಿಗೆ ಹೇಳ್ಬೇಕಿತ್ತಿಲ್ಲ? ಇಷ್ಟು ವರ್ಷ ಅವರು ಮನಸಿನ್ಯಾಗ ಇಟಗೊಂಡು ಕುಂತಾರ."

"ನನಗೇನ ಗೊತ್ತು ಅವರು ಇಟಗೊಂಡಾರಂತ? ಅವರೂ ಹೂಂ ಅಂದ್ರು, ನಾನೂ ಹೂಂ ಅಂದೆ. ಹಂಚು ಕಾದದ, ಹಿಟ್ಟು ಕೊಡು."

ಮತ್ತ ಈಗ ಅಕ್ಕನ ಮುಂದ ಯಾಕ ಹಂಗ ಅಂದ್ರಿ ಅಂತ ಕೇಳಬೇಕಂದೆ, ಅತ್ತಿ ಮಾತು ಬದಲಿಸಿ ಕೆನಾಲಿಗೆ ನೀರು ಯಾವಾಗ ಬಿಡ್ತಾರಂತ ಅಂದ್ಳು.

ಮರುದಿನ ಮಾವಾರನ್ನ ಮೆಲ್ಲಕ ಕೇಳಿದೆ, "ಅತ್ತೀಗೆ ತಿಳದಿರಬೇಕೇನ್ರಿ ಮಾವಾರ?"

"ಯಾರಿಗೆ ಗೊತ್ತವ್ವ," ಅಂದ್ರು. "ಮಂದಿ ಮುಂದ ಮತ್ತ ಮ್ಯಾಲ ಅಂದ್ಳಲ್ಲ. ಆದ್ರ ಕಾಲು ಎಲ್ಲಿ ಚಾಚ್ತಿದ್ರಿ ಅಂತ ಕೇಳಿದ್ಳು. ಮಿಲಿಟ್ರಿಯಿಂದ ಬಂದಾಗಿಂದ ಅದನ್ನ ಯಾರೂ ಕೇಳಿದ್ದಿಲ್ಲ." ಅಷ್ಟಂದು ಸಲಿಕಿ ತಗೊಂಡು ಹೊಲಕ್ಕ ಹೋದ್ರು.

ನಾ ಈಗ ಏನ ಮಾಡ್ಬೇಕ್ರಿ? ಅಕಿಗೆ ಮೊದಲ ಗೊತ್ತಿತ್ತು ಅಂತ ಮಾವಾರಿಗೆ ಹೇಳಿದ್ರ ಅವರಿಗೆ ಖುಷಿ ಆಗತದೋ, ತಾವು ತೋರಿಸಿದ್ದೆಲ್ಲ ದಂಡ ಆತು ಅಂತ ಕೆಡಕ ಆಗತದೋ? ವರ್ಷ ಹೋಗ್ಯಾವ, ನಾ ಇನ್ನೂ ಹೇಳಿಲ್ಲ. ಈ ಜನವರಿಗೂ ಅತ್ತಿ "ನಿಮ್ಮಾವ ಹಿಂಗ ನಿಂತಿದ್ರು ನೋಡು" ಅಂದ್ಳು. ಮಾವಾರು "ಹೂಂ" ಅಂದ್ರು. ನಡಕ ನಾ ಒಬ್ಬಾಕಿ, ಇವರ ಮಾರಿ ನೋಡ್ತೀನಿ, ಅವರ ಮಾರಿ ನೋಡ್ತೀನಿ.

ನೀವಿದ್ರ ಹೇಳ್ತಿದ್ರ್ಯಾ, ಬಾಯಿ ಮುಚ್ಚಕೊಂಡು ಇರ್ತಿದ್ರ್ಯಾ? ನಿಮ್ಮ ಮನ್ಯಾಗೂ ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಒಬ್ರಿಗೊಬ್ರು ಹೇಳದ ಇರೋ ಮಾತು ಇದ್ರ, ಹೆಸರು ಹಾಕಬ್ಯಾಡ್ರಿ, ಆಗಿದ್ದು ಆದಂಗ ಕೆಳಗ ಬರೀರಿ. ಓದಿ ನನ್ನ ತಲಿಗೆ ಸ್ವಲ್ಪರ ಬೆಳಕು ಬೀಳ್ಲಿ.