ಡೆಸ್ಕ್‌ಟಾಪಿನ ಮೇಲೆ ಎರಡು ಕೆಂಪು ಗೆರೆ

ಮದುವೆಯಾದ ಸ್ವಲ್ಪ ಸಮಯದಲ್ಲೇ ನನ್ನ ಗಂಡ ರಜೆ ಮುಗಿಸಿ ದುಬೈಗೆ ಹೊರಟ. ಕಾಲೇಜಿನಿಂದಲೂ ಜೊತೆಗಿದ್ದವರು ನಾವು, ತಲೆಹರಟೆಯಲ್ಲಿ ಇಬ್ಬರೂ ಸಮ. ಹೋಗುವ ಮುಂಚೆ ಅವನೊಂದು ಕಿತಾಪತಿ ಮಾಡಿಟ್ಟ. ಇಂಟರ್‌ನೆಟ್ಟಿನಲ್ಲಿ ನಮ್ಮಿಬ್ಬರಿಗೂ ಸೇರಿದ ಒಂದು ಫೋಲ್ಡರ್. ಅದಕ್ಕೆ ಯಾರು ಯಾವ ಫೋಟೋ ಹಾಕಿದರೂ ಕಂಕನಾಡಿಯ ಆಫೀಸಿನ ನನ್ನ ಕಂಪ್ಯೂಟರಿಗೂ ದುಬೈಯ ಅವನ ಲ್ಯಾಪ್‌ಟಾಪಿಗೂ ಬಂದು ಬೀಳುತ್ತಿತ್ತು. ಕೆಲವು ನಿಮಿಷಕ್ಕೊಮ್ಮೆ ಡೆಸ್ಕ್‌ಟಾಪಿನ ಚಿತ್ರ ತಾನಾಗಿ ಬದಲಾಗುತ್ತಿತ್ತು. ಯಾವುದು ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಮೊದಲು ಸಭ್ಯವಾಗಿ ಕಡಲು, ಸೂರ್ಯಾಸ್ತ ಹಾಕಿಕೊಂಡೆವು. ಆಮೇಲೆ ನಾನು ಬಂಗುಡೆ ಫ್ರೈಯ ಫೋಟೋ ಹಾಕಿದೆ. ಅವನು ತಾನು ಕರಕಲು ಮಾಡಿದ ಚಪಾತಿಯನ್ನು ಹಾಕಿದ. ಕಂಪ್ಯೂಟರಿನಲ್ಲಿ ಗಿರಾಕಿಗಳ ತೆರಿಗೆ ಲೆಕ್ಕ ತೆರೆದಿಟ್ಟು, ಮಧ್ಯೆ ಮಧ್ಯೆ ಅದನ್ನು ಕೆಳಗಿಳಿಸಿ, ಈಗ ಎಂತ ಬಂದಿದೆಯೆಂದು ಇಣುಕುವುದೇ ನನಗೊಂದು ಚಟವಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ, ಜೆಪ್ಪುವಿನ ನಮ್ಮ ಮನೆಯ ಬಚ್ಚಲುಕೋಣೆಯಲ್ಲಿ, ಮೆಡಿಕಲ್ಲಿನಿಂದ ತಂದ ಟೆಸ್ಟ್ ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಮೂಡಿದವು. ನಾನು ಬಕೆಟ್ಟಿನ ಪಕ್ಕದಲ್ಲೇ ಕುಣಿದೆ. ಹೊರಗೆ ಅತ್ತೆ, “ಎಂತ ಬಿತ್ತು?” ಎಂದು ಕೂಗಿದರು. “ಚೊಂಬು” ಎಂದೆ. ಗಂಡನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಪಟ್ಟಿಯ ಫೋಟೋ ತೆಗೆದು ಫೋಲ್ಡರಿಗೆ ಹಾಕಿ, ಯಾರಿಗೂ ಹೇಳದೆ ಬಸ್ ಹತ್ತಿದೆ.

ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಇಣುಕಿದೆ, ಬಂಗುಡೆ. ಮತ್ತೆ ಇಣುಕಿದೆ, ಚಪಾತಿ. ಫೋನ್ ಸುಮ್ಮನೆ ಬಿದ್ದುಕೊಂಡಿತ್ತು. ಕೊನೆಗೆ ಲೆಕ್ಕವನ್ನು ಕೆಳಗಿಳಿಸಿದ ಹಾಗೇ ಬಿಟ್ಟು ನೀರು ಕುಡಿಯಲು ಎದ್ದು ಹೋದೆ. ಹಿಂದಿನಿಂದ ಒಂದು ಚೀತ್ಕಾರ.

“ಅಯ್ಯೋ ದೆವಾ!”

ಪಕ್ಕದ ಮೇಜಿನವರು, ಆಫೀಸಿನಲ್ಲಿ ಎಲ್ಲರೂ ‘ಬಾಯಿ’ ಎಂದೇ ಕರೆಯುವುದು. ಮೂರು ಮಕ್ಕಳನ್ನು ಹೆತ್ತು ಬೆಳೆಸಿದ ಕೊಂಕಣಿ ಹೆಂಗಸು. ನನ್ನ ಪರದೆಯ ತುಂಬ ಆ ಪಟ್ಟಿ, ತೆಂಗಿನಮರದಷ್ಟು ಉದ್ದಕ್ಕೆ ಮಲಗಿತ್ತು! ಬಾಯಿ ಕುರ್ಚಿ ತಳ್ಳಿ ಬಂದು ನನ್ನ ಎರಡೂ ಕೆನ್ನೆ ಹಿಂಡಿದರು. “ಗಂಡನಿಗೆ ಹೇಳಿದ್ಯಾ?”

“ಇಲ್ಲ ಬಾಯಿ, ಅವನ ಕಂಪ್ಯೂಟರ್ ಹೇಳ್ತದೆ.”

“ಇದೆಂತ ಹುಚ್ಚು ಮಾರಾಯ್ತಿ ನಿಂದು!” ಎಂದು ಬೈದರು. ಬೈದವರು ತಮ್ಮ ಕೆಲಸಕ್ಕೆ ಹೋಗದೆ ನನ್ನ ಪಕ್ಕದಲ್ಲೇ ಕೂತು ಕಾಯತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಅವನ ಫೋನ್ ಬಂತು.

“ನೋಡಿದೆ. ಮೀಟಿಂಗಿನಲ್ಲಿ ದೊಡ್ಡ ಪರದೆಗೆ ಲ್ಯಾಪ್‌ಟಾಪ್ ಸಿಕ್ಕಿಸಿದ್ದೆ, ಎಲ್ಲರ ಎದುರಿಗೇ ಬಂತು. ಯಾವಾಗಿಂದ? ಜ್ವರ ಉಂಟಾ?”

“ಜ್ವರ ಎಂತಕ್ಕೆ?”

“ಉಸಿರು ಸರಿ ಉಂಟಲ್ಲ? ಎರಡು ಗೆರೆ ಬಂದರೆ ಕೋವಿಡ್ ಅಂತ ಗೊತ್ತಿದ್ದೂ ಆಫೀಸಿಗೆ ಯಾಕೆ ಹೋದದ್ದು ನೀನು?”

ನಗು ತಡೆಯಲು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಅವನ ಹಿಂದಿನಿಂದ ಯಾರದೋ ದಪ್ಪ ಸ್ವರ ಕೇಳಿಸಿತು. ಅವನ ಬಾಸ್, ಈಜಿಪ್ಟಿನವರು, ನಾಲ್ಕು ಮಕ್ಕಳ ತಂದೆ. ಇಂಗ್ಲಿಷಿನಲ್ಲಿ ಅವರು ಹೇಳುತ್ತಿದ್ದದ್ದು ಇಷ್ಟು: ಮೂರ್ಖ, ಅದು ಮೂಗಿನೊಳಗೆ ಹಾಕುವ ಟೆಸ್ಟ್ ಅಲ್ಲ!

ಆ ಕಡೆ ಏನೋ ಧಡಾರನೆ ಬಿದ್ದ ಸದ್ದು. ಆಮೇಲೆ ಇಡೀ ಮೀಟಿಂಗ್ ಕೋಣೆಯ ಚಪ್ಪಾಳೆ. ಅವನು ತುಳುವಿನಲ್ಲಿ ಏನೇನೋ ಕಿರುಚಿದ, ಒಂದೂ ಪೂರ್ತಿ ಮಾತಾಗಿರಲಿಲ್ಲ. ನಾನು ನಕ್ಕೂ ನಕ್ಕೂ ಮೇಜಿನ ಮೇಲೆ ಒರಗಿದೆ. ಏನಾಯಿತೆಂದು ಸರಿಯಾಗಿ ತಿಳಿಯದಿದ್ದರೂ ಬಾಯಿ ನನಗಿಂತ ಜೋರಾಗಿ ನಗುತ್ತಿದ್ದರು.

ಸಂಜೆ ನೆಲದ ಮೇಲೆ ಕಾಲೂರದೆ ಮನೆಗೆ ಬಂದರೆ, ಬಾಗಿಲಲ್ಲಿ ಅತ್ತೆ. ಮುಖಕ್ಕೆ ಮಾಸ್ಕ್. ಕೈಯಲ್ಲಿ ಹೊಗೆಯಾಡುವ ಲೋಟ.

“ಅಲ್ಲೇ ನಿಲ್ಲು. ಒಳಗೆ ಬರಬೇಡ. ಮೊದಲು ಕಷಾಯ ಕುಡಿ.”

ನನಗೆ ಫೋನ್ ಮಾಡುವ ಮೊದಲೇ ಗಂಡ ಗಾಬರಿಯಲ್ಲಿ ಅವರಿಗೆ ಫೋನ್ ಮಾಡಿದ್ದನಂತೆ. ಅದು ತಪ್ಪೆಂದು ಆಮೇಲೆ ತಿಳಿಸುವುದು ಆ ಖುಷಿಯಲ್ಲಿ ಅವನಿಗೆ ಮರೆತೇಹೋಗಿತ್ತು.

“ಅತ್ತೆ, ನನಗೆ ಕೋವಿಡ್ ಅಲ್ಲ.”

“ಮತ್ತೆಂತ?”

“ನೀವು ಅಜ್ಜಿ ಆಗ್ತೀರಿ” ಎಂದೆ. ಅತ್ತೆ ಮಾಸ್ಕ್ ಕೆಳಗೆಳೆದು, ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕೂತವರು ನನ್ನನ್ನೂ ಎಳೆದು ಕೂರಿಸಿಕೊಂಡರು. ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಏನು ಮಾಡಬೇಕೆಂದು ತೋಚದೆ ಆ ಕಹಿ ಕಷಾಯವನ್ನು ತಾವೇ ಗಟಗಟ ಕುಡಿದುಬಿಟ್ಟರು.