ಗೌರತ್ತೆಯ ಭೂಮದೂಟ

ತುಪ್ಪದಲ್ಲಿ ಓಮ ಸಿಡಿಯುವ ವಾಸನೆ ಎಲ್ಲಿಂದ ಬಂದರೂ ನನಗೆ ಮಿರ್ಲೆಯ ನಮ್ಮ ಹಳೇ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ. ಒಲೆಯ ಮುಂದೆ ಅಜ್ಜಿ, ಬಾಗಿಲಿಗೆ ಒರಗಿ ಅವ್ವ, ಈಳಿಗೆಮಣೆಯ ಮೇಲೆ ಗೌರತ್ತೆ, ಅವಳ ಬೆನ್ನಿಗೆ ಅಂಟಿಕೊಂಡು ಏಳು ವರ್ಷದ ನಾನು. ಅಪ್ಪನ ತಂಗಿ ಗೌರತ್ತೆಗೆ ತಿನ್ನುವ ಆಸೆ ಬೆಟ್ಟದಷ್ಟು. ಹೊಟ್ಟೆ ಮಾತ್ರ ಎಳೇ ಕೂಸಿನದು. ಒಂದು ಆಂಬೊಡೆ ತಿಂದರೆ ಮೂರು ದಿನ ಮಲಗುವಳು, ಎದ್ದ ದಿನವೇ ಇನ್ನೊಂದು ಆಂಬೊಡೆ ಎಲ್ಲಿದೆಯೆಂದು ಹುಡುಕುವಳು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಹಾಗಾಗಿ ನಮ್ಮಲ್ಲಿ ದಿನವೂ ಎಲ್ಲರಿಗೂ ಒಂದು ಸಾರು, ಅತ್ತೆಗೊಂದು. ಅದೇನು ಕಾಯಿಲೆಯವರ ಸಪ್ಪೆ ಸಾರಲ್ಲ. ಹೆಸರುಬೇಳೆ ಹುರಿದು, ಎಳೇ ಹೀರೇಕಾಯಿ ಹಾಕಿ, ಜೀರಿಗೆ ಮೆಣಸು ಕುಟ್ಟಿ, ಮೇಲೆ ಆ ಓಮದ ಒಗ್ಗರಣೆ. ಅಪ್ಪ ತನ್ನ ಖಾರದ ಸಾರು ಬಿಟ್ಟು ತಂಗಿಯ ಪಾತ್ರೆಗೆ ಸೌಟು ಹಾಕಿ ದಿನವೂ ಬೈಸಿಕೊಳ್ಳುತ್ತಿದ್ದ.

ಅತ್ತೆಗೆ ಚುಂಚನಕಟ್ಟೆಯಲ್ಲಿ ಗಂಡು ಗೊತ್ತಾದಾಗ ಅಜ್ಜಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು: "ಒಟ್ಟೆ ಸುದ್ದಿ ಯಾರೂ ಎತ್ತಬ್ಯಾಡಿ. ಎಣ್ಣು ರೋಗಿಷ್ಟೆ ಅಂದ್ಬುಟ್ಟಾರು. ತಾಳಿ ಬಿದ್ಮ್ಯಾಕೆ ನೋಡ್ಕಳನ." ತಾಳಿ ಬಿದ್ದ ಮೇಲೆ ಭೂಮದೂಟವೂ ಇದೆಯೆಂಬುದು ಅವಳಿಗೆ ನೆನಪಾದದ್ದು ಮದುವೆಯ ಹಿಂದಿನ ದಿನ. ನಮ್ಮ ಕಡೆ ಹೆಣ್ಣು ಗಂಡನ್ನು ದೊಡ್ಡ ತಟ್ಟೆಯ ಮುಂದೆ ಕೂರಿಸಿ, ಎರಡೂ ಕಡೆಯ ನೆಂಟರು ಸುತ್ತ ಕೂತು ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಹೊಸ ಹೆಣ್ಣು ಎಷ್ಟು ಉಂಡಳೆಂದು ಗಂಡಿನ ಕಡೆಯ ಹೆಂಗಸರು ಕಣ್ಣಲ್ಲೇ ಅಳೆಯುತ್ತಾರೆ. ಅಜ್ಜಿ ಬಹಳ ಹೊತ್ತು ಯೋಚಿಸಿ ನನ್ನನ್ನು ಕರೆದಳು. "ಅತ್ತೆ ಮಗ್ಗುಲಾಗೆ ಕೂತ್ಕಂಡು ಅವಳ ಮುಂದಿಂದ್ನೆಲ್ಲ ನೀನೇ ತಿಂದ್ಬುಡು ಮಗ. ಬಾಯ್ ತುಂಬ್ಕಂಡೇ ಇರು, ಯಾರ್ ಕೇಳುದ್ರೂ ಮಾತಾಡಕ್ಕಾಗ್ದಂಗೆ."

ನಾನು ಅಜ್ಜಿಯ ಮಾತು ಮೀರಿದವಳಲ್ಲ. ಮೂರು ಒಬ್ಬಟ್ಟು, ಲೆಕ್ಕ ತಪ್ಪಿದಷ್ಟು ಆಂಬೊಡೆ, ಪುಳಿಯೋಗರೆ, ಬೂಂದಿ. ಅತ್ತೆಯ ಕೈ ತಟ್ಟೆಯಿಂದ ಬಾಯಿಗೆ ಬರಿದೇ ಓಡಾಡುತ್ತಿತ್ತು. ಎದುರಿಗೆ ಕೂತಿದ್ದ ಗಂಡಿನ ತಾಯಿ ಅದನ್ನು ನೋಡಿಯೇ ನೋಡಿದಳು. ಅವಳ ಮುಖ ಕಪ್ಪಿಟ್ಟಿತು. "ಬೀಗ್ತಿಯೋರೇ, ಎಣ್ಣಿನ ಗಂಟ್ಲಲ್ಲಿ ಒಂದಗುಳೂ ಇಳೀತಿಲ್ವಲ್ಲ. ನನ್ ಮಗ ಅವಳ್ಗೆ ಒಪ್ಗೆ ಇಲ್ವ? ಬಲವಂತಕ್ಕೆ ಕಟ್ಟುಸ್ಬುಟ್ರಾ?" ಮದುಮಗ ಹೆಂಡತಿಯ ಬಾಯಿಗೆಂದು ಎತ್ತಿದ್ದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು. ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಅದು ಸಂಶಯಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿತು. ಮಾತಾಡಬಾರದವಳು ಮಾತಾಡಿದೆ. "ಒಪ್ಗೆ ಅದೆ. ಒಟ್ಟೆ ಸರಿ ಇಲ್ಲ. ಅದ್ಕೇ ನಾನ್ ತಿಂತಾ ಇವ್ನಿ. ಇನ್ ನನ್ ಕೈಲಾಗಕಿಲ್ಲ." ಮಾತಿನ ಹಿಂದೆಯೇ ತಿಂದದ್ದೂ ಬಂತು, ನೇರ ಮದುಮಗನ ರೇಷ್ಮೆ ಪಂಚೆಗೆ.

ಬೀಗತಿ ಪಂಚೆಯನ್ನು ನೋಡಲಿಲ್ಲ. "ಇಷ್ಟೇನಾ? ಮೊದ್ಲೇ ಏಳಕ್ಕೇನಾಗಿತ್ತು? ನನ್ ಎದೆನೇ ಒಡ್ದೋಗಿತ್ತಲ್ರೀ," ಎಂದು ಎದ್ದು, ಅಡುಗೆಯವರ ಬಳಿಗೆ ತಾನೇ ಹೋಗಿ, ಅನ್ನವನ್ನು ಬೆಣ್ಣೆಯ ಹಾಗೆ ಹಿಸುಕಿ ತಿಳಿಸಾರು ಕಲೆಸಿ ತಂದಳು. ಮದುಮಗ ಪಂಚೆ ಒದರಿಕೊಂಡು, ನಗು ತಡೆಯಲಾರದೆ ಮೊದಲ ತುತ್ತಿಟ್ಟರು. ಅತ್ತೆ ಅಳುತ್ತಲೇ ಉಂಡಳು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡಳು. ನಾನು ಮೂರು ದಿನ ಮಲಗಿದೆ.

ಅಜ್ಜಿ ಹೋದಳು, ಬೀಗತಿಯೂ ಹೋದಳು; ಮಿರ್ಲೆಯ ಆ ಮನೆ ಈಗ ಇಲ್ಲ. ಹೋದ ವರ್ಷ ಗೌರತ್ತೆ ತೀರಿಕೊಂಡಳು. ಹನ್ನೊಂದನೇ ದಿನ ಎಡೆ ಇಡಲು ಅವಳ ಸೊಸೆ ಮೆತ್ತನೆ ಅನ್ನ ಮಾಡಿದ್ದಳು. ಮಾವ ಅದನ್ನು ಪಕ್ಕಕ್ಕಿಟ್ಟು, ಕೆ.ಆರ್. ನಗರದಿಂದ ತಾವೇ ತಂದಿದ್ದ ಮೆಣಸಿನಕಾಯಿ ಬಜ್ಜಿ, ಕೋಡುಬಳೆ, ಹಲಸಿನ ತೊಳೆಗಳನ್ನು ಎಲೆಯ ತುಂಬ ಜೋಡಿಸಿದರು.

"ತಿನ್ಲಿ ಬುಡವ್ವ," ಎಂದರು ಸೊಸೆಗೆ. "ಇನ್ನೇನೂ ಆಗಕಿಲ್ಲ."

ಆಮೇಲೆ ನಾವೆಲ್ಲ ಬಾಗಿಲು ಮುಂದೆಳೆದುಕೊಂಡು, ಅವಳು ಉಣ್ಣಲೆಂದು ಹೊರಗೆ ಜಗಲಿಯಲ್ಲಿ ಕೂತೆವು.