ಬೇರೆ ಸೀಮೆಯ ಫರ್ಮ್‌ವೇರ್

ನಮ್ಮ ಭಾವ ಎರಡು ವಿದ್ಯೆಗಳಿಗೆ ಹೆಸರಾಗಿದ್ದವರು. ಒಂದು ಗಡ್ಡ ಬೋಳಿಸುವುದು, ಇನ್ನೊಂದು ವಿಡಿಯೋ ಗೇಮ್ ಆಡುವುದು. ಮೊದಲನೆಯದು ಹೊಟ್ಟೆಪಾಡು. ಎರಡನೆಯದು ಅಂಟಿಕೊಂಡದ್ದು ಹೊಟ್ಟೆಪಾಡಿನ ದೆಸೆಯಿಂದಲೇ. ಸರದಿಗೆ ಕಾಯುವ ಗಿರಾಕಿಗಳು ಬೇಸರವಾಗಿ ಪಕ್ಕದ ಸಲೂನಿಗೆ ಎದ್ದುಹೋಗದಿರಲಿ ಎಂದು ಅಂಗಡಿಯ ಮೂಲೆಯಲ್ಲಿ ಒಂದು ಟಿವಿ, ಅದರ ಕೆಳಗೆ ಒಂದು ಗೇಮ್ ಕನ್ಸೋಲ್ ಇಟ್ಟಿದ್ದರು. ಅದರಲ್ಲಿ ಎಲ್ಲರೂ ಆಡುತ್ತಿದ್ದುದು ಒಂದೇ ಆಟ. ಟೊಪ್ಪಿ ಹಾಕಿದ ಪುಟ್ಟ ಆಸಾಮಿಯೊಬ್ಬ, ಕಾಲಿಟ್ಟಲ್ಲೆಲ್ಲ ಹಲಗೆ ಕಳಚಿ ಬೀಳುವ ಸೇತುವೆಯನ್ನು ನೆಗೆನೆಗೆದು ದಾಟಬೇಕು. ಗಿರಾಕಿಗಳೆಲ್ಲ ಅಲ್ಲೇ ನೀರುಪಾಲಾಗುತ್ತಿದ್ದರು. ಆಗ ಭಾವ ಕುರ್ಚಿಯಲ್ಲಿ ಕೂತವನ ಕೆನ್ನೆಗೆ ನೊರೆ ಹಚ್ಚಿ, ಗಡ್ಡ ಮೆತ್ತಗಾಗುವಷ್ಟರಲ್ಲಿ ಕೈ ಒರೆಸಿಕೊಂಡು ಬಂದು, ಆಸಾಮಿಯನ್ನು ಆಚೆ ದಡ ಸೇರಿಸಿ ಹೋಗುತ್ತಿದ್ದರು. ಟಿವಿ ಕಡೆ ನೆಟ್ಟಗೆ ನೋಡುತ್ತಲೂ ಇರಲಿಲ್ಲ. ಜಂಭ ಎಂದರೆ ಅಂಥಿಂಥ ಜಂಭವಲ್ಲ.

ನಾನು ಅವರ ಹೆಂಡತಿಯ ತಮ್ಮ. ಟಿವಿ, ಮಿಕ್ಸರ್, ಸೆಟ್‌ಟಾಪ್ ಬಾಕ್ಸು ಬಿಚ್ಚಿ ಜೋಡಿಸುವವನು. ಭಾವ ನನಗಿಟ್ಟ ಹೆಸರು ತಿರುಪು. ಅದೇ ಎಷ್ಟು ಚಾಲ್ತಿಯಾಯಿತೆಂದರೆ ಈಗ ನನ್ನ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಅಕ್ಕ ದಿನವಿಡೀ ಅದೇ ಸಲೂನಿನಲ್ಲಿ ಇರುತ್ತಿದ್ದಳು. ಕೂದಲು ಗುಡಿಸುವುದು, ಟವೆಲು ಒಗೆಯುವುದು, ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುವುದು ಅವಳ ಪಾಲು. ಮಕ್ಕಳ ಕೂದಲನ್ನೂ ಚೆನ್ನಾಗಿ ಕತ್ತರಿಸುತ್ತಿದ್ದಳು. ಆದರೆ ಯಾರ ಕೆನ್ನೆಗೂ ಅವಳು ಕತ್ತಿ ತಾಗಿಸುವ ಹಾಗಿರಲಿಲ್ಲ. ಕತ್ತಿ ಒಬ್ಬರ ಕೈಗೆ ಮಾತ್ರ ಒಗ್ಗುತ್ತದೆ ಎನ್ನುವುದು ಭಾವನ ಕಾನೂನು. ದಿನಾ ಮಸೆಯುವವಳ ಕೈಗೆ ಒಗ್ಗದ ಕತ್ತಿ ಬರೀ ಹಿಡಿಯುವವರ ಕೈಗೆ ಹೇಗೆ ಒಗ್ಗುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ‘ನೀನು ತಿರುಪು ತಿರುಗಿಸೋದು ನೋಡ್ಕೋ’ ಎಂಬ ಉತ್ತರ ಬಂತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಭಾವನ ಕೈಯಿಂದ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಪಾರ್ಶ್ವವಾಯು, ಆದರೆ ಸಣ್ಣದು, ಬದುಕಿಕೊಂಡಿರಿ ಎಂದರು ಡಾಕ್ಟರು. ಮಾತು ಸರಿಹೋಯಿತು, ಕಾಲು ಸರಿಹೋಯಿತು. ಬಲಗೈ ಮಾತ್ರ ಹೇಳಿದ್ದನ್ನು ಕೊಂಚ ಯೋಚಿಸಿ ಮಾಡತೊಡಗಿತು. ಊಟಕ್ಕೆ, ಬರವಣಿಗೆಗೆ ಅದು ಸಾಕು. ಇನ್ನೊಬ್ಬರ ಗಂಟಲ ಮೇಲೆ ಕತ್ತಿ ಆಡಿಸಲು ಸಾಲದು. ಅಂಗಡಿಯ ಬಾಗಿಲು ಬಿತ್ತು.

ಮನೆಯಲ್ಲಿ ಕೂತು ಕೂತು ಭಾವ ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡರು. ‘ತಿರುಪು, ಆ ಹಳೇ ಆಟ ಟಿವಿಗೆ ಹಾಕ್ಕೊಡು. ಯಾವತ್ತು ಸೇತುವೆ ದಾಟ್ತೀನೋ ಅವತ್ತು ಕತ್ತಿ ಹಿಡೀತೀನಿ’ ಎಂದರು.

ಹಳೇ ಕನ್ಸೋಲ್ ಎಂದೋ ಸತ್ತಿತ್ತು. ಹಾಗಾಗಿ ಒಂದು ಪುಟ್ಟ ಕಂಪ್ಯೂಟರಿಗೆ ಎಮ್ಯುಲೇಟರ್ ಹಾಕಿದೆ. ಎಮ್ಯುಲೇಟರ್ ಎಂದರೆ ಹಳೆಯ ಯಂತ್ರದ ವೇಷ ಹಾಕುವ ಸಾಫ್ಟ್‌ವೇರು. ವೇಷವೇನೋ ಚೆನ್ನಾಗಿಯೇ ಹಾಕುತ್ತದೆ, ಆದರೆ ಎದ್ದು ಕೂರಲು ಅದಕ್ಕೆ ಫರ್ಮ್‌ವೇರ್ ಬೇಕು. ಅಸಲಿ ಯಂತ್ರದ ಚಿಪ್‌ನೊಳಗೆ ಕೂತು, ಸ್ವಿಚ್ ಹಾಕಿದೊಡನೆ ಅದನ್ನು ಎಬ್ಬಿಸುತ್ತಿದ್ದ ಪ್ರೋಗ್ರಾಮು ಅದು. ಭಾವನ ಕನ್ಸೋಲಿನ ಚಿಪ್ ಕಿತ್ತು, ಅದರಲ್ಲಿದ್ದುದನ್ನು ಓದಿಸಿ, ಫೈಲು ಮಾಡಿ ಹಾಕಿದೆ. ಟಿವಿಯಲ್ಲಿ ಆಟದ ಹಳೇ ಹಾಡು ಬಂತು. ಭಾವನ ಮುಖ ಅರಳಿತು.

ಅರಳಿದ ಮುಖ ಬಾಡಲು ಬಹಳ ಹೊತ್ತು ಬೇಕಾಗಲಿಲ್ಲ. ಮೊದಲ ಹಲಗೆಯಲ್ಲೇ ಆಸಾಮಿ ನೀರಿಗೆ ಬಿದ್ದ. ಮತ್ತೆ ಆಡಿದರು, ಮತ್ತೆ ಬಿದ್ದ. ಮರುದಿನವೂ ಅದೇ ಕತೆ. ಹೆಬ್ಬೆರಳು ಒತ್ತುವಷ್ಟರಲ್ಲಿ ಹಲಗೆ ಹೋಗಿಬಿಟ್ಟಿರುತ್ತಿತ್ತು. ಬೇರೆ ಕಂಟ್ರೋಲರ್ ತಂದುಕೊಡಲೇ ಎಂದೆ.

‘ಬೇಡ. ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ’ ಎಂದು ಭಾವ ನಗಲು ಹೋದರು. ನಗು ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಅಕ್ಕ ನನ್ನ ಅಂಗಡಿಗೆ ಬಂದಳು. ಅಕ್ಕ ಸುಮ್ಮಸುಮ್ಮನೆ ಅಂಗಡಿಗೆ ಬರುವವಳಲ್ಲ.

‘ಊಟ ಸೇರ್ತಿಲ್ಲ ಕಣೋ ಅವ್ರಿಗೆ. ಮಾತೂ ಇಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಆ ಹಾಳು ಆಟಾನ ಸ್ವಲ್ಪ ಸುಲಭ ಮಾಡೋಕಾಗಲ್ವಾ?’

ಆ ಆಟದಲ್ಲಿ ಸುಲಭ, ಕಷ್ಟ ಎಂಬ ಆಯ್ಕೆಯೇ ಇರಲಿಲ್ಲ. ಆದರೆ ನನ್ನ ಗುಜರಿ ರಾಶಿಯಲ್ಲಿ ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಸತ್ತ ಯಂತ್ರವಿತ್ತು. ಅದು ಬೇರೆ ಸೀಮೆಯದು. ಆ ಕಾಲದಲ್ಲಿ ಟಿವಿಗಳು ಎಲ್ಲ ಕಡೆ ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ. ಕೆಲವು ಸೀಮೆಗಳಲ್ಲಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾದರೆ, ಕೆಲವು ಸೀಮೆಗಳಲ್ಲಿ ಐವತ್ತೇ ಸಲ. ಭಾವನದು ಅರವತ್ತರ ಸೀಮೆಯ ಯಂತ್ರ, ಇದು ಐವತ್ತರದು. ಆಟಗಳು ತಮ್ಮ ಹೆಜ್ಜೆಯನ್ನು ಟಿವಿಯ ಹೆಜ್ಜೆಗೇ ಕಟ್ಟಿಕೊಂಡಿದ್ದವು. ಅದಕ್ಕೇ ಒಂದೊಂದು ಸೀಮೆಗೆ ಒಂದೊಂದು ಫರ್ಮ್‌ವೇರ್. ಎಮ್ಯುಲೇಟರಿಗೆ ಯಾವ ಸೀಮೆಯದನ್ನು ಕೊಟ್ಟರೆ ಅದು ಆ ಸೀಮೆಯ ಯಂತ್ರವಾಗಿಬಿಡುತ್ತದೆ. ಕೆಲವು ಆಟಗಳು ಪರಸೀಮೆಯ ಫರ್ಮ್‌ವೇರ್ ಕಂಡರೆ ಬಾಗಿಲೇ ತೆರೆಯುವುದಿಲ್ಲ. ಟೊಪ್ಪಿ ಆಸಾಮಿಗೆ ಆ ಮಡಿವಂತಿಕೆ ಇರಲಿಲ್ಲ.

ಇದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳಿಗೆ ಬೇಕಾದ್ದು ಒಂದೇ ಮಾತು.

‘ನಿಧಾನ ಆಗುತ್ತೆ ತಾನೆ? ಹಾಕು. ಅವ್ರಿಗೆ ಹೇಳ್ಬೇಡ.’

ಹಾಕಿದೆ. ಚಿತ್ರ ಸ್ವಲ್ಪ ಚಪ್ಪಟೆಯಾಗಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತು. ಹಾಡು ಉಂಡು ಮಲಗಲು ಹೊರಟವರ ಹಾಗೆ ಎಳೆಯಿತು. ಭಾವ ಒಂದು ಕ್ಷಣ ತಲೆ ಓರೆ ಮಾಡಿ ಹಾಡಿಗೆ ಕಿವಿಗೊಟ್ಟರು. ‘ಅದೊಂದು ಸೆಟ್ಟಿಂಗು ಭಾವ, ಟಿವಿಗೆ ಹೊಂದ್ಕೊಳ್ಳೋಕೆ’ ಎಂದೆ. ಅವರು ಆಡತೊಡಗಿದರು. ಆ ಸಂಜೆ ಅರ್ಧ ಸೇತುವೆ ಆಯಿತು. ಎರಡು ದಿನ ಬಿಟ್ಟು ಆಸಾಮಿ ಆಚೆ ದಡದಲ್ಲಿ ಟೊಪ್ಪಿ ಎತ್ತಿ ಕುಣಿದ. ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಭಾವ ಅವತ್ತು ಎರಡನೇ ಸಲ ಬಡಿಸಿಕೊಂಡು ಉಂಡರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಕೈ ತೊಳೆದು ಬಂದವರೇ ಭಾವ ಹೇಳಿದರು: ‘ನಾಳೆ ಅಂಗಡಿ ಬಾಗಿಲು ತೆಗೀತೀನಿ. ಮೊದಲ ಗಡ್ಡ ತಿರುಪೂದು.’

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಬಾಗಿಲ ಬಳಿ ನಾವಿಬ್ಬರೂ ಪಿಸುಗುಟ್ಟಿಕೊಂಡೆವು. ನೀನು ಹೇಳು ಎಂದು ನಾನು, ನೀನು ಹೇಳು ಎಂದು ಅವಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಈಗ ತಾನೇ ಹೊಟ್ಟೆ ತುಂಬ ಉಂಡ ಮನುಷ್ಯನಿಗೆ, ನೀವು ಗೆದ್ದದ್ದು ಗೆಲುವಲ್ಲ ಎಂದು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಭಾವನ ಕೈ ಕೆಟ್ಟದ್ದಕ್ಕೆ ನನ್ನ ಗಂಟಲಿಗೆ ಕತ್ತಿ ಎಂದುಕೊಳ್ಳುತ್ತ ಮನೆಗೆ ಹೋದೆ.

ಬೆಳಿಗ್ಗೆ ಅಂಗಡಿಯ ಕನ್ನಡಿ ಫಳಫಳ ಹೊಳೆಯುತ್ತಿತ್ತು. ಅಕ್ಕ ಆಗಲೇ ಬಂದು ನೆಲ ಒರೆಸಿ, ಕತ್ತಿ ಮಸೆದಿಟ್ಟಿದ್ದಳು. ನಾನು ಕುರ್ಚಿಯಲ್ಲಿ ಕೂತೆ. ಭಾವ ನನ್ನ ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿ, ಎಡಗೈಯಲ್ಲಿ ನೊರೆ ಹಚ್ಚಿದರು. ಆಮೇಲೆ ಬಲಗೈಯಲ್ಲಿ ಕತ್ತಿ ತೆಗೆದುಕೊಂಡರು. ಕನ್ನಡಿಯಲ್ಲಿ ನನಗೆ ಎಲ್ಲ ಕಾಣುತ್ತಿತ್ತು. ಕೈ ನಡುಗುತ್ತಿರಲಿಲ್ಲ. ನಡುಗಿದ್ದರೆ ಎದ್ದು ಓಡಲು ಒಂದು ನೆಪವಾದರೂ ಸಿಗುತ್ತಿತ್ತು. ನನ್ನ ಗಲ್ಲ ಎತ್ತಿ ಕತ್ತಿಯನ್ನು ಗಂಟಲ ಹತ್ತಿರ ತಂದರು. ಉಗುಳು ನುಂಗಬೇಕೆನಿಸಿತು, ನುಂಗಲು ಭಯವಾಯಿತು.

‘ರೀ, ನಿಲ್ಸಿ’ ಎಂದಳು ಅಕ್ಕ.

ಕತ್ತಿ ನಿಂತಿತು. ಆದರೆ ತಕ್ಷಣವಲ್ಲ. ಮಾತಿಗೂ ಕೈಗೂ ನಡುವೆ ಒಂದು ಸಣ್ಣ ಸಂದು ಉಳಿಯಿತು. ಆ ಸಂದನ್ನು ಮೂವರೂ ನೋಡಿದೆವು.

‘ಆಟಾನ ನಿಧಾನ ಮಾಡಿಸಿದ್ದು ನಾನು’ ಎಂದಳು ಅಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಇವನ ಹತ್ರ ಬೇರೆ ಸೀಮೆ ಫೈಲ್ ಹಾಕಿಸಿದೆ. ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ, ಅದಕ್ಕೆ.’

ಭಾವ ಕತ್ತಿಯನ್ನು ನನ್ನ ಗಂಟಲಿಂದ ದೂರ ತೆಗೆದರು. ನಾನು ಉಗುಳು ನುಂಗಿದೆ.

‘ಗೊತ್ತು’ ಎಂದರು. ‘ಅಷ್ಟು ವರ್ಷ ಆ ಹಾಡು ಕೇಳ್ಕೊಂಡೇ ಗಡ್ಡ ಮಾಡಿದೋನು ನಾನು. ಎಳೀತಿದ್ರೆ ಗೊತ್ತಾಗಲ್ವಾ?’

‘ಗೊತ್ತಿದ್ದೂ ಕತ್ತಿ ಹಿಡಿದ್ರಾ?’ ಅಕ್ಕನಿಗೆ ಅಳುವಿನ ಜಾಗದಲ್ಲಿ ಸಿಟ್ಟು ಬಂತು. ‘ಇವನಿಗೇನಾದ್ರೂ ಆಗಿದ್ರೆ?’

ಭಾವ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಕತ್ತಿ ಇಟ್ಟರು. ಇಡುವಾಗಲೂ ಅದು ಒಂದಿಷ್ಟು ಹೊರಳಿತು.

‘ಗೆದ್ದೆನಲ್ಲ ಅಂತ ಆಸೆ ಆಯ್ತು ಕಣೆ. ನಿಧಾನದಲ್ಲಾದ್ರೂ ಗೆದ್ದೆನಲ್ಲ ಅಂತ. ನೀವಿಬ್ರೂ ಬಾಯಿ ಬಿಡದೇ ಇದ್ದಿದ್ರೆ ಬೋಳಿಸಿಯೇ ಬಿಡ್ತಿದ್ದೆ.’

ನನ್ನ ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಇಷ್ಟು ವರ್ಷ ಜಂಭಗಾರ ಎಂದು ನಾನು ಆಡಿಕೊಂಡಿದ್ದ ಮನುಷ್ಯ ಕಣ್ಣೆದುರಿಗೆ ಸಣ್ಣಗಾಗಿ ನಿಂತಿದ್ದರು. ಅದನ್ನು ನೋಡುವುದಕ್ಕಿಂತ ಒಂದು ಗಾಯವಾಗಿದ್ದರೇ ವಾಸಿ ಎನಿಸಿತು.

‘ಆಟಕ್ಕಾದ್ರೆ ಬೇರೆ ಸೀಮೆ ಫೈಲ್ ಸಿಗುತ್ತೆ’ ಎಂದರು ಭಾವ ಕೊನೆಗೆ. ‘ಇವನ ಗಂಟಲಿಗೆ ಎಲ್ಲಿಂದ ತರೋದು?’

ಮತ್ತೆ ಕತ್ತಿ ಎತ್ತಿಕೊಂಡು, ಹಿಡಿಯನ್ನು ಅಕ್ಕನ ಕಡೆ ತಿರುಗಿಸಿ ಚಾಚಿದರು.

‘ಹಿಡಿ. ಕತ್ತರಿ ನಾನು ನೋಡ್ಕೋತೀನಿ, ಅದಕ್ಕೆ ಆತುರ ಇಲ್ಲ. ಕತ್ತಿ ಇನ್ಮೇಲೆ ನಿಂದು.’

ಅಕ್ಕ ಸೆರಗು ಸಿಕ್ಕಿಸಿಕೊಂಡು ಕತ್ತಿ ತೆಗೆದುಕೊಂಡಳು. ನೊರೆ ಹೊಸದಾಗಿ ಹಚ್ಚಿದಳು. ಭಾವ ಪಕ್ಕದಲ್ಲಿ ನಿಂತು, ಚರ್ಮ ಎಳೆದು ಹಿಡಿ, ಮೇಲಿಂದ ಕೆಳಕ್ಕೆ ಬಾ, ಗಲ್ಲದ ಹತ್ತಿರ ಕತ್ತಿ ಮಲಗಿಸು ಎಂದು ಹೇಳುತ್ತ ಹೋದರು. ಅವರ ಮಾತು ಬರುವ ಮೊದಲೇ ಅವಳ ಕೈ ಅಲ್ಲಿಗೆ ಹೋಗಿರುತ್ತಿತ್ತು. ಇದು ಅವರಿಗೂ ತಿಳಿಯಿತೆಂದು ಕಾಣುತ್ತದೆ, ಬರುಬರುತ್ತ ಮಾತು ಕಮ್ಮಿಯಾಯಿತು. ಅಕ್ಕನ ಉಸಿರು ಮಾತ್ರ ನನಗೆ ಕೇಳಿಸುತ್ತಿತ್ತು. ಒಂದು ಗೀರೂ ಬೀಳಲಿಲ್ಲ.

ಮುಗಿಸಿ, ಒದ್ದೆ ಟವೆಲಿನಿಂದ ಮುಖ ಒರೆಸಿ, ಕತ್ತಿಯನ್ನು ಹಲಗೆಯ ಮೇಲಿಟ್ಟು ಅವಳು ಪಕ್ಕಕ್ಕೆ ಸರಿದಳು. ಭಾವ ಬಗ್ಗಿ, ಗಿರಾಕಿಯ ಮುಖವನ್ನು ನೋಡುವ ಹಾಗೆ ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

‘ಕಿವಿ ಕೆಳಗೆ ಒಂದೆರಡು ಎಳೆ ಬಿಟ್ಟಿದ್ದೀಯ’ ಎಂದರು.

ಹೇಳುತ್ತಲೇ ಅವರ ಬಲಗೈ ತಾನಾಗಿ ಕತ್ತಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಅಕ್ಕ ಅದನ್ನು ನೋಡಿದಳು, ಕದಲಲಿಲ್ಲ, ಕಾದಳು. ಭಾವ ಆ ಕೈಯನ್ನು ಹಿಂದಕ್ಕೆ ತಂದು ನನ್ನ ಕಿವಿಯ ಕೆಳಗೆ ಬೆರಳಿಟ್ಟರು.

‘ಇಲ್ಲಿ’ ಎಂದರು.